ಹಿತ್ತಲಿನ ಸಿಳ್ಳು

ಶಿರಹಟ್ಟಿ
೧೪-೪-೧೯೪೮

ಚಿ. ಮಾರ್ತಾಂಡನಿಗೆ ನಿನ್ನ ಅಕ್ಕ ಪದ್ಮಾಬಾಯಿಯ ಆಶೀರ್ವಾದ.

ಯುಗಾದಿ ಮುಗಿದು ನಾಲ್ಕು ದಿನವಾಯಿತು. ನೀನು ಹೋದ ತಿಂಗಳು ಕೊಟ್ಟುಹೋದ ಧಾರವಾಡದ ಟ್ರೇನಿಂಗ್ ಶಾಲೆಯ ಫಾರ್ಮು ದೇವರಮನೆಯ ಗೂಡಿನಲ್ಲಿ ಇಟ್ಟಲ್ಲೇ ಇದೆ. ಸಹಿ ಮಾಡಿಲ್ಲ. ತಾರಾ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ, ಮಾಸ್ತರಿಕೆ ಕಲಿತರೆ ನಾಳೆ ಯಾರ ಮುಂದೆಯೂ ಕೈಯೊಡ್ಡುವುದು ಬೇಡ ಎಂದು ನೀನು ಹೇಳಿದ್ದು ನನಗೆ ಮರೆತಿಲ್ಲ. ಗೋಪಾಲ ಹೋಗಿ ಎರಡು ವರ್ಷವಾಯಿತು. ಮಗ ಹೋದನೆಂದು ಸೊಸೆಯನ್ನು ಹೊರಗೆ ಹಾಕಿದವಳಲ್ಲ ನಾನು. ಆದರೆ ಮನೆಯಲ್ಲಿ ಒಂದು ಸಂಗತಿ ನಡೆದಿದೆ. ಅದು ತೀರ್ಮಾನವಾಗುವ ತನಕ ಸಹಿ ಇಲ್ಲ.

ಹದಿನೈದು ದಿನದಿಂದ ಬೆಳಗಿನ ಝಾವ ನಮ್ಮ ಹಿತ್ತಲಿನಲ್ಲಿ ಯಾರೋ ಸಿಳ್ಳು ಹಾಕುತ್ತಾರೆ.

ನಾನು ಆಗ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಒಳಗಿನ ಬಾವಿಯಿಂದ ದೇವರ ನೀರು ಸೇದುತ್ತಿರುತ್ತೇನೆ. ತಾರಾ ಬಳಸುವ ನೀರಿಗೆಂದು ಹಿತ್ತಲ ಬಾವಿಗೆ ಹೋಗಿರುತ್ತಾಳೆ. ಅವಳು ಕೊಡ ಕೆಳಗಿಟ್ಟ ಸಪ್ಪಳಾಗುವುದೇ ತಡ, ಸಿಳ್ಳು ಶುರು. ಎಳೆದು ಎಳೆದು, ತಿರುವಿ ತಿರುವಿ. ನಾನು ಬಾಗಿಲ ಅಗುಳಿ ತೆಗೆದರೆ ನಿಂತುಬಿಡುತ್ತದೆ. ಮಡಿಯಲ್ಲಿದ್ದವಳು ಹಿತ್ತಲ ಹೊಸ್ತಿಲು ದಾಟುವ ಹಾಗಿಲ್ಲ, ಅಲ್ಲಿ ಒಗೆಯುವ ಕಲ್ಲು, ಮುಸುರೆಯ ಹೊಂಡ. ಬಾಗಿಲಲ್ಲಿ ನಿಂತು ಕತ್ತು ಚಾಚಿದರೆ ಬಾವಿಯೂ ಕಾಣದು, ಗೋಡೆಯೂ ಕಾಣದು.

ನಮ್ಮ ಸಂಸ್ಥಾನ ಮುಂಬಯಿ ಇಲಾಖೆಯಲ್ಲಿ ಕೂಡಿದ ಮೇಲೆ ಕಚೇರಿಗೆ ದತ್ತಾತ್ರಿ ಎಂಬ ಹೊಸ ಕಾರಕೂನ ಬಂದಿದ್ದಾನೆ. ಇನ್ನೂ ಲಗ್ನವಾಗಿಲ್ಲ. ಕೊಟ್ರಪ್ಪನವರ ಹಿಂದಿನ ಮಾಳಿಗೆಯಲ್ಲಿ ಬಾಡಿಗೆಗಿದ್ದಾನೆ. ಅವನ ಕಿಟಕಿ ನಮ್ಮ ಬಾವಿಗೆ ಎದುರು. ನಾನು ಯಾರ ಮೇಲೂ ಸುಮ್ಮನೆ ಹೇಳುವವಳಲ್ಲ. ನೀನು ಬಂದು ನೋಡು.

ನಿನ್ನ ಅಕ್ಕ
ಪದ್ಮಾಬಾಯಿ

(ಈ ಪತ್ರವನ್ನು ತಾರಾಳ ಕೈಯಲ್ಲಿ ಟಪಾಲಿಗೆ ಕೊಡುವುದಿಲ್ಲ. ನಾನೇ ಹೋಗಿ ಹಾಕುತ್ತೇನೆ.)


ಗದಗ
೨೦-೪-೧೯೪೮

ಅಕ್ಕನಿಗೆ ಮಾರ್ತಾಂಡನ ನಮಸ್ಕಾರ.

ಪರೀಕ್ಷೆಯ ಪೇಪರು ತಿದ್ದುವುದಿದೆ, ಬರಲಾಗುವುದಿಲ್ಲ. ಅದಕ್ಕೇ ಈ ಕಾರ್ಡು. ನೀನು ಕೇಳುತ್ತಿರುವುದು ಮನುಷ್ಯನ ಸಿಳ್ಳು ಅಲ್ಲವೆಂದು ನನ್ನ ಅನುಮಾನ. ಚೈತ್ರದಲ್ಲಿ ನಸುಕಿಗೇ ಎದ್ದು ಹಾಡುವ ಹಕ್ಕಿಯೊಂದಿದೆ. ದನಿ ನೆಲದಿಂದ ಬರುತ್ತದೋ ಎತ್ತರದಿಂದಲೋ ಗಮನಿಸಿ ಬರೆ. ದಿನಾ ಒಂದೇ ಧಾಟಿಯೋ, ಬದಲಾಗುತ್ತದೋ ಅದನ್ನೂ ತಿಳಿಸು. ಅಲ್ಲಿಯ ತನಕ ಯಾರ ಮುಂದೂ ಬಾಯಿ ಬಿಡಬೇಡ, ಅದರಲ್ಲೂ ಕೊಟ್ರಪ್ಪನವರ ಮನೆಯಲ್ಲಿ.

ನಿನ್ನ ತಮ್ಮ
ಮಾರ್ತಾಂಡ


ಶಿರಹಟ್ಟಿ
೨೯-೪-೧೯೪೮

ಚಿ. ಮಾರ್ತಾಂಡನಿಗೆ ಆಶೀರ್ವಾದ.

ಇಂಥ ಮಾತನ್ನು ಯಾರಾದರೂ ಕಾರ್ಡಿನ ಮೇಲೆ ಬರೆಯುತ್ತಾರೆಯೇ? ಟಪಾಲಿನ ದಾದಾಪೀರ ಬಾಗಿಲಲ್ಲೇ ಓದಿಕೊಂಡು, "ಅಮ್ಮಾರ, ಯಾವ ಹಕ್ಕಿರಿ ಅದು?" ಎಂದು ಕೇಳಿದ. "ನಿನ್ನ ಕೆಲಸ ನೀ ನೋಡಪಾ" ಎಂದು ಕಳಿಸಿದೆ. ಇನ್ನು ಮುಂದೆ ಲಕೋಟೆಯಲ್ಲೇ ಬರೆ.

ನಿನ್ನ ಪ್ರಶ್ನೆಗೆ ಉತ್ತರ ಕೇಳು. ದನಿ ಎತ್ತರದಿಂದಲೇ ಬರುತ್ತದೆ. ಆದರೆ ಮಾಳಿಗೆಯ ಕಿಟಕಿಯೂ ಎತ್ತರದಲ್ಲೇ ಇದೆ. ಇನ್ನು ಧಾಟಿ. ಅದು ದಿನಾ ಬೇರೆ. ಹಕ್ಕಿಯಾದರೆ ಕಲಿತ ಒಂದೇ ಪಾಠ ಒಪ್ಪಿಸಬೇಕಲ್ಲವೇ? ಕೋಗಿಲೆ ಎಂದಾದರೂ ತನ್ನ ಕೂಗು ಬದಲಿಸಿದೆಯೇ? ಇದು ನಿನ್ನೆ ಹಾಕಿದ ಸಿಳ್ಳು ಇವತ್ತು ಹಾಕುವುದಿಲ್ಲ. ನಡುವೆ ಒಮ್ಮೆ ಗಿಳಿಯ ಹಾಗೆ ಕಿರುಚಿ, ಮತ್ತೆ ಮೆಲ್ಲಗೆ ತನ್ನ ರಾಗಕ್ಕೆ ಬರುತ್ತದೆ. ಯಾರಿಗಾದರೂ ಸಂಶಯ ಬಂದರೆ ಹಕ್ಕಿ ಎಂದುಕೊಳ್ಳಲಿ ಎಂದೇ ಅವನು ಹೀಗೆ ಮಾಡುತ್ತಾನೆ. ನೀನೇ ಮೋಸಹೋದೆಯಲ್ಲ.

ಸುಮ್ಮನಿರು ಎಂದು ನೀನು ಬರೆದದ್ದು ತಡವಾಯಿತು. ಕೊಟ್ರಪ್ಪನವರ ಹೆಂಡತಿ ನೀಲಗಂಗವ್ವನ ಮುಂದೆ ಆಗಲೇ ಹೇಳಿಬಿಟ್ಟಿದ್ದೆ.

"ಅವ್ವಾರ, ಆ ಹುಡುಗ ತಲಿ ಎತ್ತಿ ಮಾತಾಡಿದ್ದು ನಾ ನೋಡಿಲ್ರಿ. ಕಚೇರಿಗೆ ಹೋಗ್ತಾನ, ಬರ್ತಾನ, ಅನ್ನಾ ಮಾಡ್ಕೊಂಡು ಉಣ್ತಾನ" ಎಂದಳು.

"ತಲಿ ಎತ್ತದಿದ್ರ ಸಿಳ್ಳ ಹಾಕಲಿಕ್ಕೆ ಆಗೂದಿಲ್ಲೇನು?" ಎಂದೆ.

"ಅದೂ ಖರೆ. ನಿಮ್ಮ ಮನಿ ಮರ್ಯಾದಿ ಅಂದ್ರ ನಮ್ಮ ಮನಿ ಮರ್ಯಾದಿ. ಇವರಿಗೆ ಹೇಳ್ತೀನ್ರಿ" ಎಂದಳು.

ತಿಂಗಳ ಕೊನೆಗೆ ಮನೆ ಬಿಡಿ ಎಂದು ಕೊಟ್ರಪ್ಪನವರು ಅವನಿಗೆ ಹೇಳಿದ್ದಾರೆ.

ಇನ್ನೊಂದು ಮಾತು. ಹಕ್ಕಿಯ ಸುದ್ದಿ ತೆಗೆದವನು ನೀನು. ತಾರಾ ನನಗೆ ತಿಳಿಯದಂತೆ ನಿನಗೆ ಪತ್ರ ಬರೆದಿದ್ದಾಳೆಯೇ? ಹೌದೋ ಅಲ್ಲವೋ ಅಷ್ಟೇ ಹೇಳು.

ಪದ್ಮಾಬಾಯಿ


ಶಿರಹಟ್ಟಿ
೧೨-೫-೧೯೪೮

ಚಿ. ಮಾರ್ತಾಂಡನಿಗೆ.

ನನ್ನ ಪ್ರಶ್ನೆಗೆ ನಿನ್ನಿಂದ ಉತ್ತರವಿಲ್ಲ. ಇರಲಿ.

ದತ್ತಾತ್ರಿ ಹೋಗಿ ಎಂಟು ದಿನವಾಯಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹೋಗುವಾಗ ನಮ್ಮ ಕಟ್ಟೆಯ ಮುಂದೆ ನಿಂತು, "ಅಮ್ಮಾ, ನನ್ನಿಂದ ಏನ ತಪ್ಪಾಗ್ಯದ ಅಂತ ಹೇಳಿದ್ರ ಛಲೋ ಇತ್ತು" ಎಂದ. ನಾನು ಬಾಗಿಲು ಮುಂದೆ ಮಾಡಿದೆ. ಮಾಳಿಗೆಗೆ ಬೀಗ ಬಿದ್ದಿದೆ, ಕಿಟಕಿ ಮುಚ್ಚಿದೆ.

ಇವತ್ತು ಬೆಳಿಗ್ಗೆ ಮತ್ತೆ ಸಿಳ್ಳು ಬಂತು. ಮೊದಲಿಗಿಂತ ಜೋರು.

ಕೈಯೊಳಗಿನ ತಂಬಿಗೆ ಬಾವಿಗೆ ಬಿತ್ತು. ಅವನಲ್ಲದಿದ್ದರೆ ಇನ್ನು ಯಾರು? ಒಬ್ಬನನ್ನು ಓಡಿಸಿದರೆ ಇನ್ನೊಬ್ಬನೇ? ತಾರಾ ನೀರು ತಂದಿಟ್ಟು ಎಂದಿನ ಹಾಗೆ ಕಸ ಹೊಡೆದಳು. ಮುಖದಲ್ಲಿ ಏನೂ ಇಲ್ಲ. ಮುಖದಲ್ಲಿ ಏನೂ ತೋರಿಸದವರನ್ನು ಕಂಡರೆ ನನಗೆ ಹೆಚ್ಚು ಭಯ. ಈ ಸಲ ಅವಸರ ಮಾಡಿ ಬರೆ.

ಪದ್ಮಾಬಾಯಿ


ಗದಗ
೧೮-೫-೧೯೪೮

ಅಕ್ಕನಿಗೆ ನಮಸ್ಕಾರ.

ತಾರಾ ನನಗೆ ಒಂದು ಅಕ್ಷರವನ್ನೂ ಬರೆದಿಲ್ಲ. ನಿನ್ನ ಪ್ರಶ್ನೆಗೆ ಸಿಟ್ಟು ಬಂದು ಸುಮ್ಮನಿದ್ದೆ, ಅದು ನನ್ನ ತಪ್ಪು. ಆದರೆ ಒಬ್ಬ ಬಡ ಕಾರಕೂನ ನಿನ್ನ ಮಾತಿನಿಂದ ಮನೆ ಕಳೆದುಕೊಂಡಿದ್ದಾನೆ. ಅದನ್ನು ನೀನು ಪತ್ರದಲ್ಲಿ ಒಂದು ಸಾಲಿನಲ್ಲಿ ದಾಟಿಬಿಟ್ಟೆ.

ಈಗ ನಿಧಾನವಾಗಿ ಓದು. ಆ ಹಕ್ಕಿಗೆ ಮಡಿವಾಳ ಹಕ್ಕಿ ಎನ್ನುತ್ತಾರೆ. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಸಣ್ಣದು. ಗಂಡಿನ ತಲೆ, ಎದೆ, ಬೆನ್ನು ಮಿರಿಮಿರಿ ಕಪ್ಪು, ಹೊಟ್ಟೆ ಬಿಳುಪು, ರೆಕ್ಕೆಯ ಮೇಲೆ ಉದ್ದಕ್ಕೆ ಒಂದು ಬಿಳಿ ಪಟ್ಟಿ. ಗಂಡಿಗೆ ಕಪ್ಪು ಇರುವ ಕಡೆಯಲ್ಲೆಲ್ಲ ಹೆಣ್ಣಿಗೆ ಬೂದಿಯ ಬಣ್ಣ. ಬಣ್ಣ ಕಾಣದಷ್ಟು ಕತ್ತಲಿದ್ದರೆ ಬಾಲ ನೋಡು. ಕೂತಲ್ಲಿ ಬಾಲವನ್ನು ಮೇಲೆತ್ತಿ ನಿಲ್ಲಿಸುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ.

ಮೇಯುವುದು ನೆಲದ ಮೇಲೆ, ಬೇಲಿಯ ಬುಡದಲ್ಲಿ ಹುಳ ಹೆಕ್ಕಿಕೊಂಡು. ಹಾಡುವುದು ಮಾತ್ರ ಮರದ ತುತ್ತತುದಿಯಲ್ಲಿ. ಧಾಟಿ ಬದಲಾಗುತ್ತದೆಂದು ಬರೆದೆಯಲ್ಲ, ಅದೇ ಇದರ ಗುರುತು. ಬೇರೆ ಹಕ್ಕಿಗಳ ಕೂಗನ್ನೂ ಕದ್ದು ತನ್ನ ಹಾಡಿನಲ್ಲಿ ಸೇರಿಸಿಕೊಳ್ಳುತ್ತದೆ. ಮನುಷ್ಯ ಒಂದೇ ಉಸಿರಿಗೆ ಅಷ್ಟು ತಿರುವು ಹಾಕಲಾರ. ಅಗುಳಿಯ ಸಪ್ಪಳಕ್ಕೆ ಅದು ಹೆದರಿ ಹಾರುತ್ತದೆ. ಹಾರುವಾಗ ಚರ್ ಎಂದು ಒರಟಾಗಿ ಬೈದಂತೆ ಕೂಗುತ್ತದೆ, ಕಿವಿಗೊಟ್ಟು ಕೇಳು. ಮರದ ಪೊಟರೆ, ಹಳೆಯ ಗೋಡೆಯ ತೂತು, ಇಂಥಲ್ಲಿ ಗೂಡು. ಮರಿ ಮಾಡುವ ಕಾಲದಲ್ಲಿ ಮಾತ್ರ ಈ ಹಾಡು. ಮಳೆಗಾಲ ಬಲಿತರೆ ಬಾಯಿ ಮುಚ್ಚಿ ಪೊದೆ ಸೇರುತ್ತದೆ. ಆಮೇಲೆ ಮಾಘ, ಫಾಲ್ಗುಣದ ತನಕ ಹಾಡಿಲ್ಲ.

ಒಂದು ದಿನ ಹಿತ್ತಲಿಗೆ ಇಳಿದು ನಿನ್ನ ಕಣ್ಣಿಂದ ನೋಡು. ಫಾರ್ಮಿಗೆ ಮೇ ಮೂವತ್ತೊಂದು ಕೊನೆಯ ದಿನ.

ಮಾರ್ತಾಂಡ


ಶಿರಹಟ್ಟಿ
೯-೬-೧೯೪೮

ಚಿ. ಮಾರ್ತಾಂಡನಿಗೆ ಆಶೀರ್ವಾದ.

ಕೊನೆಯ ದಿನ ಹೋಯಿತು. ನನಗೆ ಗೊತ್ತಿದೆ, ನೀನು ಮತ್ತೆ ಬರೆಯುವುದು ಬೇಡ.

ನಿನ್ನ ಪತ್ರ ಬಂದ ಮೇಲೂ ಎಷ್ಟೋ ದಿನ ನನಗೆ ಹೊಸ್ತಿಲು ದಾಟಲಾಗಲಿಲ್ಲ. ಮಡಿಯ ನೆವ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಹಕ್ಕಿ ಕಂಡುಬಿಟ್ಟರೆ ಏನು ಮಾಡಲಿ ಎಂಬ ಅಂಜಿಕೆ. ಮೊನ್ನೆ ಸೋಮವಾರ ಒದ್ದೆ ಸೀರೆಯಲ್ಲೇ ಇಳಿದುಬಿಟ್ಟೆ. ಇನ್ನೊಮ್ಮೆ ಸ್ನಾನ ಮಾಡಿದರಾಯಿತು ಎಂದುಕೊಂಡೆ.

ತಾರಾ ಬಾವಿಯ ಹತ್ತಿರ ಇದ್ದಳು. ನನ್ನನ್ನು ಕಂಡು ಹಗ್ಗ ಬಿಟ್ಟುಬಿಟ್ಟಳು. ಬೇವಿನ ತುದಿಯಲ್ಲಿ ಕೂತಿತ್ತು. ಮೊದಲು ಬಾಲ ಕಂಡಿತು, ನೀನು ಬರೆದ ಹಾಗೆಯೇ ಮೇಲೆತ್ತಿಕೊಂಡು. ಬೆಳಕು ಬಂದ ಹಾಗೆ ಕಪ್ಪು ಎದೆ, ಬಿಳಿ ಹೊಟ್ಟೆ, ರೆಕ್ಕೆಯ ಪಟ್ಟಿ. ಹಾಡುವಾಗ ಗಂಟಲು ಉಬ್ಬುತ್ತಿತ್ತು. ಕೊಟ್ರಪ್ಪನವರ ಗೋಡೆಯಲ್ಲಿ ಇಟ್ಟಂಗಿ ಬಿದ್ದು ತೂತಾದಲ್ಲಿ ಬೂದಿ ಬಣ್ಣದ್ದೊಂದು ಬಾಯಲ್ಲಿ ಹುಳ ಹಿಡಿದು ಹೊಕ್ಕಿತು. ಒಳಗೆ ಮರಿಗಳ ಚಿಂವ್‌ಚಿಂವ್.

"ಇದು ಯಾವಾಗಿಂದ ಅದ?" ಎಂದೆ.

"ಶಿವರಾತ್ರಿಯಿಂದ್ರಿ ಅತ್ತೀ" ಎಂದಳು ತಾರಾ.

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಅಷ್ಟೇ ಮಾತು. ಎರಡನೆಯ ಸಲ ಸ್ನಾನ ಮಾಡುವಾಗ ನೀರು ಬಹಳ ತಣ್ಣಗಿತ್ತು.

ನೀಲಗಂಗವ್ವನಿಗೆ ಹೋಗಿ ಹೇಳಿದೆ. ಹೇಳಬೇಕಲ್ಲ. ಅವಳು ಹಣೆ ಬಡಿದುಕೊಂಡು ನಕ್ಕಳು. "ಇನ್ನ ಆ ಹಕ್ಕಿಗೂ ಮನಿ ಬಿಡಸ್ತೀರೇನ್ರಿ ಅವ್ವಾರ? ನಮ್ಮ ಗ್ವಾಡ್ಯಾಗನ ಐತಿ, ಅದೂ ಬಾಡಿಗಿ ಕೊಡದ" ಎಂದಳು. ದತ್ತಾತ್ರಿಗೆ ತಿರುಗಿ ಬರಲು ಹೇಳಿಕಳಿಸಿದ್ದಾರೆ. ಅವನ ಉತ್ತರ: "ಬ್ಯಾಡ್ರಿ. ಅಲ್ಲಿ ಹಕ್ಕಿ ಹಾಡಿದ್ರ ನಾ ಗಂಟು ಕಟ್ಟಬೇಕಾಗ್ತದ." ಗುಡಿಯಲ್ಲಿ ಎದುರಾದರೆ ನಮಸ್ಕಾರ ಮಾಡದೆ ಪಕ್ಕಕ್ಕೆ ಸರಿಯುತ್ತಾನೆ. ಮಾಡದಿರುವುದೇ ಸರಿ.

ಮುಂದಿನ ವರ್ಷದ ಫಾರ್ಮು ಸಿಕ್ಕರೆ ನೋಡೋಣ. ನೋಡೋಣ ಎಂದಿದ್ದೇನೆ, ಅಷ್ಟೇ.

ಪದ್ಮಾಬಾಯಿ


ಗದಗ
೨೮-೯-೧೯೪೮

ಅಕ್ಕನಿಗೆ ನಮಸ್ಕಾರ.

ಮೂರು ತಿಂಗಳು ಬರೆಯಲಾಗಲಿಲ್ಲ. ಹೈದರಾಬಾದ ಸೀಮೆಯಿಂದ ಓಡಿಬಂದವರನ್ನು ನಮ್ಮ ಶಾಲೆಯ ಕೋಣೆಗಳಲ್ಲಿ ಇಳಿಸಿದ್ದರು. ಮಾಸ್ತರರೆಲ್ಲ ಅಡುಗೆಯವರಾಗಿದ್ದೆವು. ಗಲಾಟೆ ಮುಗಿದು ಈಗ ಒಬ್ಬೊಬ್ಬರೇ ಊರಿಗೆ ತಿರುಗುತ್ತಿದ್ದಾರೆ.

ಹೊಸ ಫಾರ್ಮು ಇದರೊಳಗಿದೆ. ವರ್ಷದ ಕೊನೆಗೆ ಮುಟ್ಟಿದರೆ ಬರುವ ಜೂನಿಗೆ ಸೇರಬಹುದು. ಹಕ್ಕಿ ಸುಮ್ಮನಾಗಿರಬೇಕಲ್ಲ?

ಮಾರ್ತಾಂಡ


ಶಿರಹಟ್ಟಿ
೨೧-೧೦-೧೯೪೮

ಚಿ. ಮಾರ್ತಾಂಡನಿಗೆ ಆಶೀರ್ವಾದ.

ಹಕ್ಕಿ ಶ್ರಾವಣದಲ್ಲೇ ಸುಮ್ಮನಾಯಿತು. ನೀನು ಬರೆದದ್ದು ಅಕ್ಷರಕ್ಕಕ್ಷರ ಖರೆ. ಆಗಾಗ ಬೇಲಿಯ ಬುಡದಲ್ಲಿ ಚರ್ ಎನ್ನುತ್ತದೆ, ಅಷ್ಟೇ.

ಲಕ್ಷ್ಮೇಶ್ವರದಿಂದ ನನ್ನ ನಾದಿನಿ ಕಮಲಾಬಾಯಿ ಹೇಳಿಕಳಿಸಿದ್ದಾರೆ. ಕಾರಕೂನ ಮನೆ ಬಿಟ್ಟ ಸುದ್ದಿ ಅಲ್ಲಿಯ ತನಕ ಹೋಗಿದೆ, ಹಕ್ಕಿಯ ಸುದ್ದಿ ಹೋಗಿಲ್ಲ. ಮೊದಲನೆಯದು ನಾನೇ ಹೊರಗೆ ಬಿಟ್ಟ ಮಾತು, ತಿರುಗಿ ಹಿಡಿಯುವುದು ನನ್ನಿಂದಾಗಲಿಲ್ಲ. ಕಾರ್ತಿಕದಲ್ಲಿ ತಾವು ಕ್ಷೇತ್ರಕ್ಕೆ ಹೋಗುವವರಿದ್ದಾರೆ. ತಾರಾಳನ್ನೂ ಕರೆದೊಯ್ದು ಅಲ್ಲಿ ಕೂದಲು ತೆಗೆಸಿ ತರುತ್ತಾರಂತೆ. "ಪದ್ಮಾ, ನೀನೂ ಇಪ್ಪತ್ತೊಂಬತ್ತಕ್ಕ ತಲಿ ಕೊಟ್ಟಾಕಿ. ಏನ ಕಡಿಮಿ ಆತು ನಿನಗ?" ಎಂದು ಕೇಳಿಸಿದ್ದಾರೆ. ಏನು ಕಡಿಮೆಯಾಯಿತೆಂದು ನಾನು ಯಾರಿಗೂ ಹೇಳಿದವಳಲ್ಲ. ಹೂಂ ಎಂದೂ ಹೇಳಿಲ್ಲ, ಊಹೂಂ ಎಂದೂ ಹೇಳಿಲ್ಲ. ಫಾರ್ಮು ಗೂಡಿನಲ್ಲಿದೆ.

ಇಷ್ಟೇ ಆಗಿದ್ದರೆ ಪತ್ರ ಇಲ್ಲಿಗೇ ಮುಗಿಸುತ್ತಿದ್ದೆ.

ನಾಲ್ಕು ದಿನದಿಂದ ಹಿತ್ತಲಿನಲ್ಲಿ ಸಿಳ್ಳು ಬರುತ್ತಿದೆ. ಅದೇ ರಾಗ, ಅದೇ ಹೊತ್ತು. ಆದರೆ ಎತ್ತರದಿಂದಲ್ಲ, ಕೆಳಗಿನಿಂದ. ನಡುನಡುವೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಮಳೆಗಾಲ ಬಲಿತ ಮೇಲೆ ಹಾಡಿಲ್ಲ ಎಂದು ಬರೆದವನು ನೀನೇ. ನೀನು ಹೇಳಿಕೊಟ್ಟ ಗುರುತನ್ನೇ ಹಿಡಿದು ಕೇಳುತ್ತೇನೆ. ಇದು ಯಾವ ಹಕ್ಕಿ?

ಪದ್ಮಾಬಾಯಿ


ಗದಗ
೨೬-೧೦-೧೯೪೮

ಅಕ್ಕಾ,

ಸುಳ್ಳು ಬರೆಯಲಾರೆ. ಆಶ್ವೀಜದಲ್ಲಿ ಅದು ಹಾಗೆ ಹಾಡುವುದನ್ನು ನಾನು ಕೇಳಿಲ್ಲ. ಉಸಿರು ಎಳೆದುಕೊಳ್ಳುವುದಂತೂ ಹಕ್ಕಿಯಲ್ಲ.

ನಿನ್ನ ಕಾಲು ಹಿಡಿದು ಕೇಳುತ್ತೇನೆ, ನೋಡದೆ ಏನನ್ನೂ ಮಾಡಬೇಡ. ಒಮ್ಮೆ ನೋಡದೆ ಮಾಡಿದ್ದೇವೆ.

ಮಾರ್ತಾಂಡ


ಶಿರಹಟ್ಟಿ
೨೪-೧೧-೧೯೪೮

ಚಿ. ಮಾರ್ತಾಂಡನಿಗೆ ಅಕ್ಕನ ಆಶೀರ್ವಾದ.

ಈ ಪತ್ರ ಓದಿ ಹರಿದುಹಾಕು.

ದೀಪಾವಳಿಗೆ ಮೂರು ದಿನ ಮೊದಲು ದಾಯಾದಿಗಳ ಮನೆಯಲ್ಲಿ ಕೂಸು ಹುಟ್ಟಿ ನಮಗೆ ಪುರುಡು ಬಂತು. ಹತ್ತು ದಿನ ಪೂಜೆಯಿಲ್ಲ, ಮಡಿಯಿಲ್ಲ. ದೇವರೇ ನನ್ನನ್ನು ಹಿತ್ತಲಿಗೆ ಹೋಗು ಎಂದು ಬಿಟ್ಟ ಹಾಗಾಯಿತು. ಮರುದಿನ ಝಾವದಲ್ಲಿ ಚಪ್ಪಲಿ ಬಿಟ್ಟು ಹೋಗಿ ದನದ ಗೋದಲಿಯ ಹಿಂದೆ ಕೂತೆ. ಐವತ್ತರ ವಯಸ್ಸಿನಲ್ಲಿ ಕಳ್ಳರ ಹಾಗೆ.

ತಾರಾ ಬಂದಳು. ಕೊಡ ಇಳಿಸಿದಳು. ಸೆರಗು ತಲೆಯಿಂದ ಜಾರಿತ್ತು. ಗೋಡೆಯ ತೂತಿನ ಮುಂದೆ ನಿಂತು, ತುಟಿ ಕೂಡಿಸಿ, ತಾನೇ ಸಿಳ್ಳು ಹಾಕಿದಳು.

ಥೇಟ್ ಅದೇ. ಆ ಎಳೆತ, ಆ ತಿರುವು, ನಡುವೆ ಗಿಳಿಯ ಕಿರುಚಾಟ ಕೂಡ. ಹಾಕಿ ಸುಮ್ಮನಾಗಿ, ಕಿವಿಗೊಟ್ಟು ಕಾದಳು. ಯಾರೂ ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಹಾಕಿದಳು. ಆಮೇಲೆ ಸೆರಗು ಹೊದ್ದುಕೊಂಡು ನೀರು ಸೇದಿದಳು.

ಗಂಡ ಸತ್ತವಳು ಸಿಳ್ಳು ಹಾಕುವುದೆಂದರೆ ಏನು ಎಂದು ನಿನಗೆ ಬಿಡಿಸಿ ಬರೆಯಬೇಕಾಗಿಲ್ಲ. ಗಂಡ ಇದ್ದವಳು ಹಾಕಿದರೂ ನಮ್ಮಲ್ಲಿ ಬಾಯಿಗೆ ಬರೆ ಎಳೆಯುತ್ತಾರೆ. ನನಗೂ ಮೈ ಉರಿಯಿತು. ಆದರೆ ಅವಳು ಒಳಗೆ ಹೋದ ಮೇಲೆ ನಾನು ಮಾಡಿದ ಕೆಲಸ ಕೇಳು. ಒಗೆಯುವ ಕಲ್ಲಿನ ಮೇಲೆ ಹತ್ತಿ ಗೋಡೆಯ ಆಚೆ ಬಗ್ಗಿ ನೋಡಿದೆ. ಮಾಳಿಗೆಯ ಬೀಗ ನೋಡಿದೆ. ಬೇವಿನ ಹಿಂದೆ ನೋಡಿದೆ. ಯಾರೂ ಇಲ್ಲ. ಎರಡು ಆಡು ಮಲಗಿದ್ದವು. ಯಾರೂ ಇಲ್ಲವೆಂದು ಕಂಡಾಗ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ, ಮಾರ್ತಾಂಡ. ಕೈಗೆ ಸಿಕ್ಕದ್ದು ತಪ್ಪಿಹೋದ ಹಾಗೆ ಅನ್ನಿಸಿತು. ಕಲ್ಲಿನ ಮೇಲೆ ನಿಂತುಕೊಂಡೇ ನನಗೆ ನನ್ನದೇ ಅಂಜಿಕೆ ಬಂತು.

ತಾರಾಳಿಗೆ ಏನೂ ಹೇಳಲಿಲ್ಲ.

ಪುರುಡು ಕಳೆಯಿತು. ಕಮಲಾಬಾಯಿ ದಶಮಿಯ ಸಂಜೆಯೇ ಬಂದರು, ದ್ವಾದಶಿಯ ಪಾರಣೆ ಮುಗಿಸಿಕೊಂಡು ತಾರಾಳೊಡನೆ ಹೊರಡುವುದೆಂದು. ಏಕಾದಶಿಯ ಬೆಳಿಗ್ಗೆ ನಾನು ಕೈಯಲ್ಲಿ ದೇವರ ನೀರು ಹಿಡಿದು ಪಡಸಾಲೆ ದಾಟುತ್ತಿದ್ದೆ, ಹಿತ್ತಲಿನಲ್ಲಿ ಸಿಳ್ಳು ಎದ್ದಿತು. ಕಮಲಾಬಾಯಿ ಹಾಸಿಗೆಯಲ್ಲಿ ಎದ್ದು ಕೂತರು.

"ಪದ್ಮಾ! ಏನ ಅದು? ಯಾರ ಸಿಳ್ಳ ಹೊಡೀಲಿಕತ್ತಾರ?"

"ಹಕ್ಕಿರಿ."

"ಹಕ್ಕಿ? ನನ್ನ ಮುಂದ ಬ್ಯಾಡ. ಊರಾಗ ಆಡೂದು ಖರೇನ ಹಂಗಾರ."

"ಮಡಿವಾಳ ಹಕ್ಕಿ ಅಂತಾರ್ರಿ ಅದಕ್ಕ" ಎಂದೆ. "ಗುಬ್ಬಿಕಿಂತ ದೊಡ್ಡದು. ಕರೀ ಎದಿ, ಬಿಳೀ ಹೊಟ್ಟಿ, ರೆಕ್ಕಿ ಮ್ಯಾಲೆ ಬಿಳೀ ಪಟ್ಟಿ. ಬಾಲ ಎತ್ತಿಕೊಂಡ ಕೂಡ್ತದ. ಎಲ್ಲಾ ಹಕ್ಕಿ ಕೂಗೂ ಕಲೀತದ. ಗ್ವಾಡಿ ತೂತಿನಾಗ ಮರಿ ಮಾಡ್ಯದ, ನಾನ ಕಣ್ಣಾರೆ ನೋಡೀನಿ."

ಒಂದೊಂದು ಮಾತೂ ಖರೆ. ಎಲ್ಲ ಕೂಡಿದರೆ ಸುಳ್ಳು. ಕಾರ್ತಿಕದಲ್ಲಿ ಅದು ಹಾಡುವುದಿಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದವರು ನಾನೊಬ್ಬಳು, ತಾರಾ ಒಬ್ಬಳು. ಮೂವತ್ತು ವರ್ಷದಿಂದ ಏಕಾದಶಿ ಮಾಡಿದ್ದೇನೆ. ದೇವರ ನೀರು ಕೈಯಲ್ಲಿದ್ದಾಗ ಸುಳ್ಳಾಡಿದ್ದು ಅದೇ ಮೊದಲು. ಆ ನೀರನ್ನು ದೇವರಿಗೆ ಹಾಕಲಿಲ್ಲ, ಚೆ‌ಲ್ಲಿ ಬೇರೆ ತಂದೆ.

ಅಷ್ಟರಲ್ಲಿ ತಾರಾ ಕೊಡ ಹೊತ್ತು ಬಂದು ಬಾಗಿಲಲ್ಲಿ ನಿಂತಿದ್ದಳು. "ಹೌದೇನ ತಾರಾ? ಹಕ್ಕೀನ?" ಎಂದು ಕಮಲಾಬಾಯಿ ಕೇಳಿದರು. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಅತ್ತಿ ಹೇಳಿದ್ರಲ್ರಿ" ಎಂದಳು.

ಪಾರಣೆಯಾದ ಮೇಲೆ ಕಮಲಾಬಾಯಿ ಒಬ್ಬರೇ ಕ್ಷೇತ್ರಕ್ಕೆ ಹೋದರು. ನನ್ನ ಸೊಸೆಯ ಕೂದಲಿನ ಮಾತು ಇನ್ನು ನನ್ನ ಹೊಸ್ತಿಲೊಳಗೆ ಬೇಡ ಎಂದೆ. ಸಿಟ್ಟು ಮಾಡಿಕೊಂಡಿದ್ದಾರೆ, ಮಾಡಿಕೊಳ್ಳಲಿ.

ಅಂದಿನಿಂದ ಹಿತ್ತಲಿನಲ್ಲಿ ಸಿಳ್ಳಿಲ್ಲ. ನೀನು ಸಂತೋಷಪಡಬೇಡ. ಇಲ್ಲವೆಂದು ಗೊತ್ತಿದ್ದೂ ನಾನು ದಿನಾ ಝಾವದಲ್ಲಿ ಹಗ್ಗ ಹಿಡಿದು ನಿಂತು ಕೇಳುತ್ತೇನೆ. ಅವಳು ಕೊಡ ಇಟ್ಟರೆ ಕೇಳುತ್ತೇನೆ, ನಿಟ್ಟುಸಿರು ಬಿಟ್ಟರೆ ಕೇಳುತ್ತೇನೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆಂದು ಕೇಳುತ್ತೇನೆ. ಅವಳಿಗೂ ಅದು ಗೊತ್ತು. ಈ ಮನೆಯಲ್ಲಿ ಇರುವ ತನಕ ಅವಳು ಬಾಯಿ ಬಿಗಿಹಿಡಿದೇ ಬದುಕಬೇಕು. ದೇವರಿಗೆ ದಿನಾ ಹೇಳಿಕೊಳ್ಳುತ್ತೇನೆ, ನನ್ನ ಈ ಚಾಳಿ ಬಿಡಿಸು ಎಂದು. ಬಿಟ್ಟೀತೆಂದು ನನಗೇ ನಂಬಿಕೆಯಿಲ್ಲ.

ಫಾರ್ಮು ಇದರೊಳಗಿದೆ. ಸಹಿ ಮಾಡಿದ್ದೇನೆ. ಜೂನಿನ ತನಕ ಕಾಯುವುದು ಬೇಡ, ನೀನು ಬಂದು ಈಗಲೇ ಅವಳನ್ನು ಗದಗಿಗೆ ನಿನ್ನ ಮನೆಗೆ ಕರೆದುಕೊಂಡು ಹೋಗು, ಅಲ್ಲಿಂದ ಧಾರವಾಡಕ್ಕೆ ಕಳಿಸು. ಧಾರವಾಡ ದೂರ. ಅಲ್ಲಿ ಅವಳು ಏನು ಮಾಡಿದರೂ ನನಗೆ ಕೇಳಿಸುವುದಿಲ್ಲ.

ನಿನ್ನ ಅಕ್ಕ
ಪದ್ಮಾಬಾಯಿ